ಗಜನಿಯ ಬಾಗಿಲು, ಕರುಳಿನ ಕೋಶ

(ಕುಮಟಾದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಊರವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಕಳೆದ ಭಾನುವಾರ ನಿಮ್ಮ ದೊಡ್ಡ ಕರುಳಿನ ಒಳಪದರದಲ್ಲಿದ್ದ ಕೋಶಗಳಲ್ಲಿ ಹೆಚ್ಚಿನವು ಇವತ್ತು ಅಲ್ಲಿಲ್ಲ. ಸತ್ತು, ಉದುರಿ, ಹೊರಗೆ ಹೋಗಿವೆ. ಅವುಗಳ ಜಾಗಕ್ಕೆ ಹೊಸವು ಬಂದಿವೆ. ಹೆಚ್ಚುಕಡಿಮೆ ನಾಲ್ಕೈದು ದಿನಕ್ಕೊಮ್ಮೆ ಆ ಪದರ ಪೂರ್ತಿ ಹೊಸದಾಗುತ್ತದೆ. ನೋವಿಲ್ಲ, ಸದ್ದಿಲ್ಲ, ನಮಗೆ ಗೊತ್ತೇ ಆಗುವುದಿಲ್ಲ.

ಕ್ಯಾನ್ಸರ್ ಬಗ್ಗೆ ಮಾತಾಡಲು ಕರೆದಿದ್ದೀರಿ. ಆದರೆ ನಾನು ಇಲ್ಲಿಂದಲೇ ಶುರು ಮಾಡಬೇಕು. ಕರುಳಿನ ಕ್ಯಾನ್ಸರ್ ಯಾಕೆ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಇಷ್ಟೊಂದು ಕೋಶಗಳು ದಿನವೂ ಹುಟ್ಟುವ ಜಾಗದಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ಅದು ಯಾಕೆ ಬರುವುದಿಲ್ಲ ಅಂತ ಯಾರೂ ಕೇಳುವುದಿಲ್ಲ. ನನಗೆ ಆ ಎರಡನೇ ಪ್ರಶ್ನೆಯೇ ದೊಡ್ಡದು. ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ಸಿಗುತ್ತದೆ.

ಇಳಿತದ ಹೊತ್ತಿಗೆ ಕಡಲ ದಂಡೆಯಲ್ಲಿ ಏಡಿಗಳು ಕೊರೆದ ತೂತುಗಳನ್ನು ನೋಡಿದ್ದೀರಿ ಅಲ್ವಾ? ಒಂದರ ಪಕ್ಕ ಒಂದು, ಕಣ್ಣು ಹಾಯಿಸಿದಷ್ಟು ದೂರ. ದೊಡ್ಡ ಕರುಳಿನ ಒಳಗೋಡೆಯೂ ಹಾಗೇ ಇದೆ. ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ, ಅದರ ಗೋಡೆಯ ತುಂಬ ಲಕ್ಷಾಂತರ ಸಣ್ಣ ಗುಳಿಗಳು. ಒಂದೊಂದು ಗುಳಿಯಲ್ಲಿ ಸುಮಾರು 2,000 ಕೋಶಗಳು. ಗುಳಿಯ ತಳದಲ್ಲಿ ಕೆಲವೇ ಕೆಲವು ಕಾಂಡಕೋಶಗಳಿವೆ. ಹುಟ್ಟಿಸುವ ಕೆಲಸ ಅವುಗಳದ್ದು. ಅವು ಎರಡಾಗುತ್ತವೆ, ಅವುಗಳ ಮಕ್ಕಳು ಇನ್ನೂ ಕೆಲವು ಸಲ ಎರಡಾಗುತ್ತಾ ಗೋಡೆ ಹಿಡಿದು ಮೇಲೆ ಹತ್ತುತ್ತವೆ. ಹತ್ತುತ್ತಾ ಹತ್ತುತ್ತಾ ಹುಟ್ಟಿಸುವುದನ್ನು ನಿಲ್ಲಿಸಿ, ನೀರು ಹೀರುವ, ಲೋಳೆ ಬಿಡುವ ಕೆಲಸ ಕಲಿಯುತ್ತವೆ. ಗುಳಿಯ ಬಾಯಿಗೆ ಬಂದ ಮೇಲೆ ಸಾಯುತ್ತವೆ. ಈ ಕಾಂಡಕೋಶಗಳನ್ನು ಖಚಿತವಾಗಿ ಗುರುತಿಸಿದ್ದು 2007ರಲ್ಲಿ, ನೆದರ್ಲೆಂಡ್ಸಿನ ಹಾನ್ಸ್ ಕ್ಲೆವರ್ಸ್ ಅವರ ತಂಡ. ಅಂದರೆ ಮೊನ್ನೆ ಮೊನ್ನೆ.

ಒಂದು ಮಾತು ಮನಸ್ಸಿನಲ್ಲಿಡಿ. ತಳದಲ್ಲಿ ಹುಟ್ಟು, ಮೇಲೆ ಸಾವು. ಇವೆರಡರ ನಡುವೆ ಎಲ್ಲೋ ಒಂದು ಕಡೆ ಕೋಶ ಎರಡಾಗುವುದನ್ನು ನಿಲ್ಲಿಸಲೇಬೇಕು. ನಿಲ್ಲಿಸುವವರು ಯಾರು? ಅವರೇ ಇವತ್ತಿನ ಮಾತಿನ ವಿಷಯ.

ಕೋಶ ಒಂದೇ ಏಟಿಗೆ ಎರಡಾಗುವುದಿಲ್ಲ. ಮೊದಲು ಬೆಳೆಯುತ್ತದೆ. ಆಮೇಲೆ ತನ್ನ ಡಿಎನ್‌ಎಯ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತದೆ. ಆಮೇಲೆ ಸ್ವಲ್ಪ ನಿಂತು ಸರಿಯಾಗಿದೆಯಾ ಅಂತ ನೋಡುತ್ತದೆ. ಕೊನೆಗೆ ಕ್ರೋಮೋಸೋಮುಗಳನ್ನು ಎರಡು ಪಾಲು ಮಾಡಿ ಸೀಳುತ್ತದೆ. ಈ ನಾಲ್ಕು ಹಂತಗಳನ್ನು ನೀವು ಪಿಯುಸಿಯಲ್ಲೇ ಓದಿದ್ದೀರಿ. ಪುಸ್ತಕದಲ್ಲಿ ಒಂದು ವೃತ್ತ, ಅದಕ್ಕೆ ನಾಲ್ಕು ಬಾಣ. ಒಂದು ಹಂತ ಮುಗಿದು ಇನ್ನೊಂದು ಶುರುವಾಗುವುದು ಹೇಗೆ ಅನ್ನುವುದು ಮಾತ್ರ ಆ ಚಿತ್ರದಲ್ಲಿ ಇರುವುದಿಲ್ಲ.

ಅದು ಗೊತ್ತಾದ ಕತೆಯಲ್ಲಿ ಕಡಲಿನ ಒಂದು ಪ್ರಾಣಿ ಇದೆ. ಬಂಡೆಗಳ ಸಂದಿಯಲ್ಲಿ ಕಪ್ಪು ಮುಳ್ಳಿನ ಚೆಂಡಿನ ಹಾಗೆ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಸೀ ಅರ್ಚಿನ್ ಅನ್ನುತ್ತಾರೆ. ನಮ್ಮ ದಂಡೆಯ ಹುಡುಗರು ಕಾಲಿಗೆ ಮುಳ್ಳು ಚುಚ್ಚಿಸಿಕೊಂಡೇ ಇದರ ಗುರುತು ಮಾಡಿಕೊಳ್ಳುತ್ತಾರೆ. 1982ರ ಬೇಸಿಗೆ. ಅಮೆರಿಕದ ವುಡ್ಸ್ ಹೋಲ್ ಎಂಬ ಕಡಲತಡಿಯ ಪ್ರಯೋಗಾಲಯ. ಇಂಗ್ಲೆಂಡಿನಿಂದ ಹೋದ ಟಿಮ್ ಹಂಟ್ ಅಲ್ಲಿ ಈ ಪ್ರಾಣಿಯ ಮೊಟ್ಟೆಗಳನ್ನು ನೋಡುತ್ತಿದ್ದರು. ಮೊಟ್ಟೆ ಫಲಿತವಾದ ಮೇಲೆ ಎಲ್ಲವೂ ಒಟ್ಟಿಗೆ, ತಾಳ ಹಾಕಿದ ಹಾಗೆ, ಎರಡಾಗುತ್ತಾ ಹೋಗುತ್ತವೆ. ಹತ್ತು ಹತ್ತು ನಿಮಿಷಕ್ಕೆ ಸ್ವಲ್ಪ ತೆಗೆದು, ಒಳಗೆ ಯಾವ ಯಾವ ಪ್ರೊಟೀನ್ ಹೊಸದಾಗಿ ತಯಾರಾಗಿದೆ ಅಂತ ಪರೀಕ್ಷೆ ಮಾಡಿದರು. ಉಳಿದ ಪ್ರೊಟೀನುಗಳು ಜಾಸ್ತಿ ಆಗುತ್ತಲೇ ಹೋದವು. ಒಂದು ಮಾತ್ರ ಏರಿತು, ಏರಿತು, ಕೋಶ ಸೀಳುವ ಹೊತ್ತಿಗೆ ಸರ್ರನೆ ಮಾಯವಾಯಿತು. ಮತ್ತೆ ಏರಿತು, ಮತ್ತೆ ಮಾಯವಾಯಿತು.

ಕಡಲ ದಂಡೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭರತ, ಇಳಿತ, ಭರತ, ಇಳಿತ. ಆ ಪ್ರೊಟೀನಿಗೆ ಸೈಕ್ಲಿನ್ ಅಂತ ಹೆಸರಾಯಿತು. ಅದು ಏರಿದಾಗ ಕೋಶ ಮುಂದಿನ ಹಂತಕ್ಕೆ ಹೋಗುತ್ತದೆ. ಅದು ನಾಶವಾದರೆ ಮಾತ್ರ ಆ ಹಂತ ಮುಗಿಯುತ್ತದೆ. ಕಟ್ಟುವುದು ಎಷ್ಟು ಮುಖ್ಯವೋ ಕೆಡಹುವುದೂ ಅಷ್ಟೇ ಮುಖ್ಯ.

ಸೈಕ್ಲಿನ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಸಿಡಿಕೆ ಅನ್ನುವ ಜೊತೆಗಾರ ಬೇಕು. ಸಿಡಿಕೆ ಒಂದು ಎಂಜೈಮ್. ಸೈಕ್ಲಿನ್ ಬಂದು ಕೈ ಹಿಡಿಯುವವರೆಗೆ ಸುಮ್ನೆ ಇರುತ್ತದೆ. ಈ ಜೊತೆಗಾರ ಸಿಕ್ಕಿದ್ದು ಯೀಸ್ಟಿನಲ್ಲಿ. ಅಮೆರಿಕದ ಲೀಲೆಂಡ್ ಹಾರ್ಟ್‌ವೆಲ್ ಬ್ರೆಡ್ಡಿನ ಯೀಸ್ಟಿನಲ್ಲಿ ಕೋಶ ಎರಡಾಗುವುದನ್ನು ನಡೆಸುವ ಸುಮಾರು ನೂರು ಜೀನುಗಳನ್ನು ಹುಡುಕಿದರು. ಇಂಗ್ಲೆಂಡಿನ ಪಾಲ್ ನರ್ಸ್ ಇನ್ನೊಂದು ಜಾತಿಯ ಯೀಸ್ಟ್ ಹಿಡಿದರು. ಅದು ಮೊದಲು ಸಿಕ್ಕಿದ್ದು ಆಫ್ರಿಕಾದ ಸಿರಿಧಾನ್ಯದ ಬಿಯರಿನಲ್ಲಿ. 1987ರಲ್ಲಿ ನರ್ಸ್ ತಂಡ ಮಾಡಿದ ಒಂದು ಪ್ರಯೋಗವನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಸಿಡಿಕೆ ಜೀನ್ ಕೆಟ್ಟು ಎರಡಾಗಲಾರದ ಯೀಸ್ಟಿಗೆ ಮನುಷ್ಯನ ಜೀನುಗಳನ್ನು ಕೊಟ್ಟರು. ಒಂದು ಜೀನ್ ಸಿಕ್ಕ ಯೀಸ್ಟ್ ಬದುಕಿತು, ಎರಡಾಯಿತು. ಮನುಷ್ಯನೂ ಯೀಸ್ಟೂ ಬೇರೆಯಾಗಿ ನೂರು ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ. ಆದರೂ ನಮ್ಮ ಪ್ರೊಟೀನ್ ಅದರೊಳಗೆ ಹೋಗಿ ಕೆಲಸ ಮಾಡಿತು. ಇದನ್ನು ಮೊದಲ ಸಲ ಓದಿದಾಗ ನನ್ನ ಮೈ ಜುಮ್ಮೆಂದಿತ್ತು. ಹಂಟ್, ಹಾರ್ಟ್‌ವೆಲ್, ನರ್ಸ್, ಈ ಮೂವರಿಗೂ 2001ರಲ್ಲಿ ನೊಬೆಲ್ ಬಂತು.

ಈಗ ಗಜನಿ ಗದ್ದೆಗೆ ಬರೋಣ. ಅಘನಾಶಿನಿಯ ಅಳಿವೆಯಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿಗಳಿಗೆ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿಗೆ, ಏರಿ ಇದೆ, ಏರಿಯಲ್ಲಿ ಹಲಗೆಯ ಬಾಗಿಲಿದೆ. ಇಳಿತದಲ್ಲಿ ಬಾಗಿಲು ತೆರೆದು ಒಳಗಿನ ನೀರು ಹೊರಗೆ ಹೋಗುತ್ತದೆ. ಭರತ ಬಂದಾಗ ಹಲಗೆ ಉಪ್ಪುನೀರನ್ನು ತಡೆಯುತ್ತದೆ. ನನ್ನ ದೊಡ್ಡಪ್ಪ ಅಂಥ ಗಜನಿಯಲ್ಲೇ ಬದುಕು ಕಳೆದವರು. ಅವರು ಹೇಳುತ್ತಿದ್ದರು, ಏರಿ ಒಡೆದರೆ ಊರೆಲ್ಲ ಓಡಿ ಬರುತ್ತದೆ, ಹಲಗೆ ಸವೆದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ.

ನಮ್ಮ ಕೋಶದಲ್ಲಿ ಅಂಥ ಹಲಗೆಯ ಹೆಸರು ಆರ್‌ಬಿ. ಡಿಎನ್‌ಎಯ ಪ್ರತಿ ಮಾಡಲು ಬೇಕಾದ ಜೀನುಗಳನ್ನು ಚಾಲೂ ಮಾಡುವ ಇ2ಎಫ್ ಎಂಬ ಪ್ರೊಟೀನನ್ನು ಆರ್‌ಬಿ ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಬೆಳೆ ಅಂತ ಹೊರಗಿನಿಂದ ಸಂದೇಶ ಬಂದಾಗ ಸೈಕ್ಲಿನ್ ಡಿ ಏರುತ್ತದೆ. ಸಿಡಿಕೆ 4 ಮತ್ತು 6ರ ಜೊತೆ ಸೇರಿ ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತದೆ. ಆರ್‌ಬಿಯ ಹಿಡಿತ ಸಡಿಲವಾಗುತ್ತದೆ, ಬಾಗಿಲು ತೆರೆಯುತ್ತದೆ. ಒಮ್ಮೆ ಈ ಬಾಗಿಲು ದಾಟಿದ ಕೋಶ ಸಾಮಾನ್ಯವಾಗಿ ಹಿಂದೆ ಬರುವುದಿಲ್ಲ. ಇಷ್ಟು ಸುಲಭಕ್ಕೆ ತೆರೆಯಬಾರದು ಅಂತ ಸಿಡಿಕೆಗಳನ್ನು ಹಿಡಿದು ನಿಲ್ಲಿಸುವ ಪಿ16, ಪಿ21, ಪಿ27 ಎಂಬ ಬ್ರೇಕುಗಳೂ ಇವೆ.

ಕರುಳಿನಲ್ಲಿ ವಿಶೇಷ ಏನು ಅಂದರೆ, ಅಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಈ ಹಲಗೆ ಅಲ್ಲ. ಹಲಗೆ ತೆರೆಯುವ ಹೊತ್ತನ್ನು ಹೇಳುವವನು ಕೆಡುತ್ತಾನೆ. ಅವನ ಹೆಸರು ಎಪಿಸಿ.

ಗುಳಿಯ ತಳದಲ್ಲಿ ಅಕ್ಕಪಕ್ಕದ ಕೋಶಗಳು ವಿಂಟ್ ಎಂಬ ಸಂದೇಶ ಕಳಿಸುತ್ತಿರುತ್ತವೆ. 'ನೀನು ತಳದಲ್ಲಿದ್ದೀಯ, ಎರಡಾಗುತ್ತಿರು' ಅಂತ ಅದರ ಅರ್ಥ. ಆ ಸಂದೇಶವನ್ನು ಕೋಶದ ಒಳಗೆ ಒಯ್ಯುವುದು ಬೀಟಾ-ಕ್ಯಾಟೆನಿನ್. ಕೋಶ ಮೇಲೆ ಹತ್ತಿದಂತೆ ಸಂದೇಶ ಕ್ಷೀಣಿಸುತ್ತದೆ. ಆಗ ಎಪಿಸಿ ತನ್ನ ಸಂಗಡಿಗರ ಜೊತೆ ಸೇರಿ ಬೀಟಾ-ಕ್ಯಾಟೆನಿನ್‌ ಅನ್ನು ಹಿಡಿದು, ನಾಶ ಮಾಡಲು ಗುರುತು ಹಾಕಿ ಕಳಿಸುತ್ತದೆ. ಸಂದೇಶ ನಿಂತಿತು, ಕೋಶವೂ ನಿಂತಿತು.

ಎಪಿಸಿ ಕೆಟ್ಟರೆ? ಬೀಟಾ-ಕ್ಯಾಟೆನಿನ್ ನಾಶವಾಗುವುದಿಲ್ಲ. ನ್ಯೂಕ್ಲಿಯಸ್ಸಿನೊಳಗೆ ಹೋಗಿ ಮಿಕ್, ಸೈಕ್ಲಿನ್ ಡಿ1ರಂಥ ಜೀನುಗಳನ್ನು ಚಾಲೂ ಇಟ್ಟೇ ಇರುತ್ತದೆ. ಕೋಶ ಗುಳಿಯ ಬಾಯಿಯವರೆಗೆ ಹತ್ತಿದರೂ ತಾನಿನ್ನೂ ತಳದಲ್ಲೇ ಇದ್ದೇನೆ ಅಂದುಕೊಳ್ಳುತ್ತದೆ. ಕರುಳಿನ ಕ್ಯಾನ್ಸರಿನ ಆರಂಭವನ್ನು ಒಂದೇ ವಾಕ್ಯದಲ್ಲಿ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಅದು ಹೊರಗಿನಿಂದ ಬಂದ ಶತ್ರು ಅಲ್ಲ. ತಾನು ಎಲ್ಲಿದ್ದೇನೆ ಅನ್ನುವುದು ತಿಳಿಯದೆ ಹೋದ ನಮ್ಮದೇ ಕೋಶ. ಸತ್ತು ಉದುರಬೇಕಾದ ಜಾಗದಲ್ಲಿ ಅದು ಮಕ್ಕಳು ಮರಿ ಮಾಡಿಕೊಂಡು ಕೂರುತ್ತದೆ. ಅಲ್ಲೊಂದು ಗಂಟು ಏಳುತ್ತದೆ. ಅದೇ ಪಾಲಿಪ್.

ಎಪಿಸಿ ಜೀನ್ ಸಿಕ್ಕಿದ್ದು 1991ರಲ್ಲಿ. ಕೆಲವು ಕುಟುಂಬಗಳಲ್ಲಿ ಹದಿಹರೆಯದಲ್ಲೇ ಕರುಳಿನ ತುಂಬ ನೂರಾರು, ಸಾವಿರಾರು ಪಾಲಿಪ್ ಏಳುತ್ತವೆ. ಅಂಥ ಕುಟುಂಬಗಳನ್ನು ಪರೀಕ್ಷೆ ಮಾಡುತ್ತಾ ಈ ಜೀನ್ ಹುಡುಕಿದರು. ಅವರಿಗೆ ಕೆಟ್ಟ ಪ್ರತಿ ಹುಟ್ಟಿನಿಂದಲೇ ಬಂದಿರುತ್ತದೆ. ಆದರೆ ಯಾವ ಕುಟುಂಬದ ಇತಿಹಾಸವೂ ಇಲ್ಲದ ಸಾಮಾನ್ಯ ರೋಗಿಗಳಲ್ಲೂ, ನೂರರಲ್ಲಿ ಸುಮಾರು 80 ಜನರ ಗಡ್ಡೆಯಲ್ಲಿ ಇದೇ ಜೀನ್ ಕೆಟ್ಟಿರುತ್ತದೆ.

ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಎಚ್ಚರಿಕೆ. ಪುಸ್ತಕದಲ್ಲಿ ಎಪಿಸಿ ಅನ್ನುವ ಹೆಸರು ಎರಡು ಕಡೆ ಬರುತ್ತದೆ. ಒಂದು, ಈಗ ಹೇಳಿದ ಜೀನ್. ಇನ್ನೊಂದು, ಕೋಶ ಸೀಳುವ ಹೊತ್ತಿಗೆ ಸೈಕ್ಲಿನ್ ಬಿಯನ್ನು ನಾಶಕ್ಕೆ ಕಳಿಸುವ ಒಂದು ದೊಡ್ಡ ಪ್ರೊಟೀನ್ ಗುಂಪು. ಹಂಟ್ ನೋಡಿದ ಆ 'ಸರ್ರನೆ ಇಳಿತ' ಇದರ ಕೆಲಸ. ಎರಡಕ್ಕೂ ಹೆಸರು ಒಂದೇ, ಸಂಬಂಧ ಇಲ್ಲ. ಪರೀಕ್ಷೆಯಲ್ಲಿ ಬೆರೆಸಿ ಬರೆಯುವವರನ್ನು ತುಂಬ ನೋಡಿದ್ದೇನೆ.

ಪಾಲಿಪ್ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಹೆಚ್ಚಿನ ಪಾಲಿಪ್ ಹಾಗೇ ಉಳಿದುಬಿಡುತ್ತವೆ. ಮುಂದೆ ಏನಾಗಬೇಕು ಅನ್ನುವುದನ್ನು 1988 ಮತ್ತು 1990ರಲ್ಲಿ ಅಮೆರಿಕದ ಬಾಲ್ಟಿಮೋರಿನ ಬರ್ಟ್ ವೋಗೆಲ್‌ಸ್ಟೈನ್ ತಂಡ ತೋರಿಸಿತು. ಸಣ್ಣ ಪಾಲಿಪ್, ದೊಡ್ಡ ಪಾಲಿಪ್, ಕ್ಯಾನ್ಸರ್, ಹೀಗೆ ಬೇರೆ ಬೇರೆ ಹಂತದ ತುಣುಕುಗಳನ್ನು ಸೇರಿಸಿ, ಯಾವ ಹಂತದಲ್ಲಿ ಯಾವ ಜೀನ್ ಕೆಟ್ಟಿದೆ ಅಂತ ನೋಡಿದರು. ಶುರುವಿನಲ್ಲಿ, ಆಗಿನ್ನೂ ಹೆಸರು ಸಿಗದಿದ್ದ ಎಪಿಸಿ. ಪಾಲಿಪ್ ದೊಡ್ಡದಾಗುವಾಗ ಕೆ-ರಾಸ್. ಇದು ಬೆಳವಣಿಗೆಯ ಸಂದೇಶ ಸಾಗಿಸುವ ಸ್ವಿಚ್. ಕೆಟ್ಟರೆ ಆಫ್ ಆಗುವುದೇ ಇಲ್ಲ, ಸೈಕ್ಲಿನ್ ಡಿ ಇನ್ನಷ್ಟು ಏರುತ್ತದೆ. ನೂರರಲ್ಲಿ ಸುಮಾರು 40 ರೋಗಿಗಳಲ್ಲಿ ಹೀಗಾಗಿರುತ್ತದೆ. ಆಮೇಲೆ 18ನೇ ಕ್ರೋಮೋಸೋಮಿನ ಒಂದು ತುಂಡು ಹೋಗುತ್ತದೆ. ಸಾಮಾನ್ಯವಾಗಿ ಕೊನೆಗೆ, ಪಾಲಿಪ್ ಕ್ಯಾನ್ಸರ್ ಆಗುವ ಹೊಸ್ತಿಲಲ್ಲಿ, ಪಿ53.

ಪಿ53 ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಇದು ಸಿಕ್ಕಿದ್ದು 1979ರಲ್ಲಿ. ಗಡ್ಡೆಯ ಕೋಶಗಳಲ್ಲಿ ರಾಶಿ ರಾಶಿ ಕಂಡಿದ್ದಕ್ಕೆ ಇದೇ ಕ್ಯಾನ್ಸರ್ ತರುವ ಪ್ರೊಟೀನ್ ಅಂದುಕೊಂಡರು. ಹತ್ತು ವರ್ಷ ಹಾಗೇ ನಡೆಯಿತು. 1989ರಲ್ಲಿ ಅದೇ ಬಾಲ್ಟಿಮೋರ್ ತಂಡ ದೊಡ್ಡ ಕರುಳಿನ ಗಡ್ಡೆಗಳನ್ನು ನೋಡುವಾಗ ಬೇರೆಯೇ ಕಂಡಿತು. ಜೀನಿನ ಒಂದು ಪ್ರತಿ ಕಳೆದುಹೋಗಿತ್ತು, ಉಳಿದ ಪ್ರತಿ ಕೆಟ್ಟಿತ್ತು. ಹತ್ತು ವರ್ಷ ಕಳ್ಳ ಅಂತ ಹಿಡಿದಿದ್ದವನು ನಿಜವಾಗಿ ಕಾವಲುಗಾರ. ಕಳ್ಳತನ ಆದ ಮನೆಯಲ್ಲಿ ಅವನ ಹೆಣ ಬಿದ್ದಿತ್ತು, ಅಷ್ಟೇ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ53 ಏರುತ್ತದೆ, ಪಿ21 ಎಂಬ ಬ್ರೇಕನ್ನು ಒತ್ತುತ್ತದೆ. ಸಿಡಿಕೆ ನಿಲ್ಲುತ್ತದೆ. ರಿಪೇರಿ ಆದರೆ ಮುಂದೆ ಬಿಡುತ್ತದೆ. ಆಗದಿದ್ದರೆ ಆ ಕೋಶ ಸಾಯುವ ಹಾಗೆ ಮಾಡುತ್ತದೆ.

ಹಳಿಯಾಳ, ಮುಂಡಗೋಡ ಕಡೆ ಗದ್ದೆಗೆ ಆನೆ ಬರುತ್ತದಲ್ಲ, ಆ ಆನೆಯ ಮೈಯಲ್ಲಿ ನಮಗಿಂತ ಎಷ್ಟೋ ಪಾಲು ಜಾಸ್ತಿ ಕೋಶಗಳಿವೆ. ಲೆಕ್ಕದ ಪ್ರಕಾರ ಅದಕ್ಕೆ ಕ್ಯಾನ್ಸರ್ ತುಂಬ ಬರಬೇಕು. ಬರುವುದು ಕಡಿಮೆ. 2015ರಲ್ಲಿ ನೋಡಿದರೆ, ನಮ್ಮಲ್ಲಿ ಒಂದೇ ಜೋಡಿ ಇರುವ ಈ ಜೀನ್ ಆನೆಯಲ್ಲಿ ಸುಮಾರು 20 ಜೋಡಿ ಇದೆ. ಪೂರ್ತಿ ಕಾರಣ ಅದೊಂದೇ ಅಂತ ಹೇಳಲಾಗದು. ಆದರೂ ಪಿ53ರ ಬೆಲೆ ಏನು ಅಂತ ನನಗೆ ಮನದಟ್ಟಾಗಿದ್ದು ಆನೆಯಿಂದಲೇ.

ಕ್ರೋಮೋಸೋಮ್ ಹಂಚುವಾಗಲೂ ಕಾವಲಿದೆ. ಪ್ರತಿಯೊಂದು ಕ್ರೋಮೋಸೋಮಿಗೂ ಎರಡೂ ಕಡೆಯಿಂದ ಎಳೆ ಸಿಕ್ಕುವವರೆಗೆ ಮ್ಯಾಡ್, ಬಬ್ ಎಂಬ ಪ್ರೊಟೀನುಗಳು ಸೀಳಲು ಬಿಡುವುದಿಲ್ಲ. ಕರುಳಿನ ಕ್ಯಾನ್ಸರುಗಳಲ್ಲಿ ಹೆಚ್ಚಿನವುಗಳಲ್ಲಿ ಈ ಹಂಚಿಕೆ ಎಡವಟ್ಟಾಗಿ ಕ್ರೋಮೋಸೋಮುಗಳ ಲೆಕ್ಕವೇ ತಪ್ಪಿರುತ್ತದೆ. ಇನ್ನು ನೂರರಲ್ಲಿ ಸುಮಾರು 15 ಜನರದ್ದು ಬೇರೆ ದಾರಿ. ಅವರಲ್ಲಿ ಡಿಎನ್‌ಎ ನಕಲು ಮಾಡುವಾಗ ಆದ ಅಕ್ಷರ ತಪ್ಪುಗಳನ್ನು ತಿದ್ದುವ ಪ್ರೊಟೀನುಗಳು ಕೆಟ್ಟಿರುತ್ತವೆ. ಇದು ಮನೆತನದಲ್ಲಿ ಬಂದರೆ ಲಿಂಚ್ ಸಿಂಡ್ರೋಮ್ ಅನ್ನುತ್ತೇವೆ. ಅಪ್ಪನಿಗೆ ಕರುಳಿನ ಕ್ಯಾನ್ಸರ್, ಸೋದರತ್ತೆಗೆ ಗರ್ಭಕೋಶದ್ದು, ಅಣ್ಣನಿಗೆ ನಲವತ್ತರಲ್ಲೇ ಬಂತು ಅಂದರೆ ದಯವಿಟ್ಟು ಡಾಕ್ಟರಿಗೆ ಹೇಳಿ. ಅವರಾಗಿ ಕೇಳದಿದ್ದರೂ ಹೇಳಿ.

ಈ 15 ಜನರ ವಿಷಯದಲ್ಲಿ ಸಂತೋಷದ ಸುದ್ದಿ ಇದೆ. ತಪ್ಪು ಜಾಸ್ತಿ ಇರುವ ಕೋಶವನ್ನು ನಮ್ಮ ರೋಗನಿರೋಧಕ ಪಡೆ ಬೇಗ ಗುರುತು ಹಿಡಿಯುತ್ತದೆ. ಆ ಪಡೆಯ ಕೈ ಬಿಚ್ಚುವ ಔಷಧಿ ಇವರಲ್ಲಿ ಹಲವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. 2022ರಲ್ಲಿ ನ್ಯೂಯಾರ್ಕಿನಿಂದ ಬಂದ ವರದಿಯಲ್ಲಿ, ಇಂಥ ಗುದನಾಳದ ಕ್ಯಾನ್ಸರ್ ಇದ್ದು ಚಿಕಿತ್ಸೆ ಮುಗಿಸಿದ 12 ಜನರಲ್ಲಿ 12 ಜನರಿಗೂ ಗಡ್ಡೆ ಕಾಣದ ಹಾಗೆ ಕರಗಿತ್ತು. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ. ಅದಕ್ಕೇ ಬಯಾಪ್ಸಿ ಆದ ಮೇಲೆ ತಪ್ಪು ತಿದ್ದುವ ನಾಲ್ಕು ಪ್ರೊಟೀನುಗಳ ಪರೀಕ್ಷೆ ಮಾಡಿಸಿ ಅಂತ ನಾವು ಒತ್ತಾಯ ಮಾಡುವುದು.

ಉಳಿದವರಿಗೆ? ಫೈವ್ ಎಫ್‌ಯು ಎಂಬ 1957ರ ಔಷಧಿ ಇವತ್ತಿಗೂ ಬುನಾದಿ. ಡಿಎನ್‌ಎ ಪ್ರತಿ ಮಾಡುವ ಹಂತಕ್ಕೇ ಅದು ಪೆಟ್ಟು ಕೊಡುತ್ತದೆ. ಸಿಡಿಕೆ 4 ಮತ್ತು 6ನ್ನು ತಡೆಯುವ ಮಾತ್ರೆಗಳು ಸ್ತನ ಕ್ಯಾನ್ಸರಿನಲ್ಲಿ 2015ರಿಂದ ಬಂದಿವೆ, ಒಳ್ಳೆಯ ಕೆಲಸ ಮಾಡುತ್ತಿವೆ. ಕರುಳಿನಲ್ಲಿ ಅವನ್ನಷ್ಟೇ ಕೊಟ್ಟರೆ ಅಂಥ ಫಲ ಸಿಕ್ಕಿಲ್ಲ. ಒಂದು ದಾರಿ ಮುಚ್ಚಿದರೆ ಆ ಕೋಶ ಇನ್ನೊಂದು ದಾರಿ ಹಿಡಿಯುತ್ತದೆ. ಕೆ-ರಾಸ್ ಕೆಟ್ಟವರಿಗೆ ಸೆಟುಕ್ಸಿಮ್ಯಾಬ್ ಎಂಬ ದುಬಾರಿ ಇಂಜೆಕ್ಷನ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಅದಕ್ಕೇ ಮೊದಲು ಜೀನ್ ಪರೀಕ್ಷೆ. ಸಾಲ ಮಾಡಿ ಔಷಧಿ ತರುವ ಮನೆಗಳಿಗೆ ಈ ಒಂದು ಪರೀಕ್ಷೆ ಎಷ್ಟು ಮುಖ್ಯ ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಊಟದ ಬಗ್ಗೆ ಚೀಟಿ ಕಳಿಸಿದ್ದೀರಿ. ಬಂಗುಡೆ ತಿನ್ನಬಹುದಾ ಅಂತ. ತಿನ್ನಿ. ಸಂಸ್ಕರಿಸಿದ ಮಾಂಸ, ಹೆಂಡ, ತಂಬಾಕು, ಬೊಜ್ಜು, ಇವು ಅಪಾಯ ಹೆಚ್ಚಿಸುತ್ತವೆ. ಸೊಪ್ಪು, ಕಾಳು, ನಾರು ಒಳ್ಳೆಯದು. ಇಷ್ಟು ಸಾಕು. ಇದಕ್ಕಿಂತ ಮುಖ್ಯವಾದದ್ದು ಕಾಲ.

ಸಣ್ಣ ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಎಪಿಸಿ ಹೋದ ಮೇಲೂ ಉಳಿದ ಕಾವಲುಗಾರರು ಅಷ್ಟು ವರ್ಷ ತಡೆದು ನಿಲ್ಲಿಸುತ್ತಾರೆ. ನಮ್ಮ ಮೈ ನಮಗೆ ಕೊಡುವ ಆ ಹತ್ತು ವರ್ಷಗಳಲ್ಲಿ ಯಾವತ್ತು ಬೇಕಾದರೂ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಕರುಳಿನೊಳಗೆ ಬಿಟ್ಟು ನೋಡುವ ಪರೀಕ್ಷೆ, ಮಾಡಿ ಆ ಗಂಟನ್ನು ತೆಗೆದುಬಿಡಬಹುದು.

ನನ್ನ ದೊಡ್ಡಪ್ಪನಿಗೆ ಮಲದಲ್ಲಿ ರಕ್ತ ಕಾಣಿಸಿದ್ದು ಒಂದು ಮಳೆಗಾಲದಲ್ಲಿ. 'ಉಷ್ಣ ಆಗಿದೆ ಮಗಾ, ಮೂಲವ್ಯಾಧಿ. ಸುವರ್ಣಗಡ್ಡೆ ತಿಂದರೆ ಹೋಗ್ತದೆ' ಅಂದರು. ಮಜ್ಜಿಗೆ ಕುಡಿದರು. ಹೋಗಲಿಲ್ಲ. ಒಂದು ದವಾಖಾನೆಗೆ ಹೋದರು. ಅಲ್ಲಿ ಬೆರಳು ಹಾಕಿ ಪರೀಕ್ಷೆ ಕೂಡ ಮಾಡದೆ ಮೂಲವ್ಯಾಧಿಯ ಮುಲಾಮು ಬರೆದುಕೊಟ್ಟರು. ಹದಿನಾಲ್ಕು ತಿಂಗಳು. ನಾನು ಆಗ ದೂರದಲ್ಲಿ ಕ್ಯಾನ್ಸರಿನ ಸ್ಲೈಡ್ ನೋಡುವುದನ್ನೇ ಕಲಿಯುತ್ತಿದ್ದೆ. ಫೋನಿನಲ್ಲಿ ಅವರು ನನ್ನ ಹತ್ತಿರ ಕಗ್ಗದ ಬೆಳೆ, ಸಿಗಡಿಯ ರೇಟು ಎಲ್ಲ ಮಾತಾಡುತ್ತಿದ್ದರು. ಇದನ್ನು ಹೇಳಲಿಲ್ಲ. ಮಗಳ ವಯಸ್ಸಿನವಳ ಹತ್ತಿರ ಅಂಥದ್ದು ಹೇಗೆ ಹೇಳುವುದು ಅಂತ ನಾಚಿಕೆ. ಆಮೇಲೆ ಸುಸ್ತು, ತೂಕ ಇಳಿಯಿತು, ಮೈಯಲ್ಲಿ ರಕ್ತ ಕಡಿಮೆಯಾಯಿತು. ನಮ್ಮ ಜಿಲ್ಲೆಯ ಎಲ್ಲರ ಹಾಗೆ ಘಟ್ಟ ಹತ್ತಿಯೋ, ಗಡಿ ದಾಟಿಯೋ ದೊಡ್ಡ ಆಸ್ಪತ್ರೆ ಹುಡುಕಿಕೊಂಡು ಹೋಗುವ ಹೊತ್ತಿಗೆ ಅದು ಯಕೃತ್ತಿಗೆ ಹರಡಿತ್ತು. ಆಪರೇಷನ್ ಆಗಿ ಒಂಬತ್ತು ತಿಂಗಳು ಇದ್ದರು.

ಅವರ ಕರುಳಿನ ಸ್ಲೈಡನ್ನು ನಾನೇ ಕೇಳಿ ತರಿಸಿಕೊಂಡು ನೋಡಿದೆ. ಕೆಐ-67 ಎಂಬ ಬಣ್ಣದ ಪರೀಕ್ಷೆ ಇದೆ. ಎರಡಾಗುತ್ತಿರುವ ಕೋಶಗಳಲ್ಲಿ ಮಾತ್ರ ಇರುವ ಪ್ರೊಟೀನನ್ನು ಅದು ಕಂದು ಬಣ್ಣದಲ್ಲಿ ತೋರಿಸುತ್ತದೆ. ದೊಡ್ಡಪ್ಪನ ಸ್ಲೈಡಿನಲ್ಲಿ ಎಡಗಡೆ ಆರೋಗ್ಯವಾದ ಗುಳಿಗಳು. ಕಂದು ಚುಕ್ಕೆ ತಳದಲ್ಲಿ ಮಾತ್ರ, ಮೇಲೆ ಎಲ್ಲ ನೀಲಿ. ನಡುವೆ ಹಳೆಯ ಪಾಲಿಪಿನ ಒಂದು ಅಂಚು ಇನ್ನೂ ಉಳಿದಿತ್ತು. ಅಲ್ಲಿ ಕಂದು ಚುಕ್ಕೆಗಳು ಗುಳಿಯ ಬಾಯಿಯವರೆಗೆ ಹತ್ತಿವೆ. ಆದರೂ ಗುಳಿಯ ಆಕಾರ ಇದೆ, ಗಡಿ ದಾಟಿಲ್ಲ. ಬಲಗಡೆ ತಳವೂ ಇಲ್ಲ, ಬಾಯಿಯೂ ಇಲ್ಲ, ಸ್ನಾಯುವಿನ ಒಳಗೆಲ್ಲ ಕಂದು. ಮೂರೂ ಸೇರಿ ಒಂದು ಹೆಬ್ಬೆರಳಿನ ಉಗುರಿನಷ್ಟು ಅಗಲ. ನಡುವಿನ ಆ ತುಂಡು ಎಷ್ಟು ವರ್ಷ ಅವರ ಹೊಟ್ಟೆಯಲ್ಲಿ ಹಾಗೇ ಕಾದು ಕೂತಿತ್ತೋ. ಅವರು ಆಗ ಗಜನಿಯ ಹಲಗೆ ರಿಪೇರಿ ಮಾಡಿಕೊಂಡು ಗಟ್ಟಿಮುಟ್ಟಾಗಿ ಓಡಾಡುತ್ತಿದ್ದರು.

ದೊಡ್ಡಮ್ಮನನ್ನು ಕೇಳಿ, ಅವರು ಹೂಂ ಅಂದ ಮೇಲೆ, ಆ ಸ್ಲೈಡನ್ನು ಇವತ್ತು ತಂದಿದ್ದೇನೆ. ಹೊರಗೆ ಜಗುಲಿಯ ಮೇಜಿನ ಮೇಲೆ ಮೈಕ್ರೋಸ್ಕೋಪ್ ಇದೆ. ವಿದ್ಯಾರ್ಥಿಗಳು ಮಾತ್ರ ಅಲ್ಲ, ಹಿಂದೆ ಕೂತ ಹಿರಿಯರೂ ಬನ್ನಿ. ಎಡಗಡೆಯಿಂದ ಶುರು ಮಾಡಿ. ನಡುವೆ ಬಂದಾಗ ಸ್ವಲ್ಪ ಹೊತ್ತು ನಿಲ್ಲಿ.